ಫೆಟ್ ಸಿಮ್ಯುಲೇಷನ್: ಸಮೀಕರಣ ಸರಿದೂಗಿಸೋಕೆ ಬೆಸ್ಟ್, ಆದ್ರೆ ಲ್ಯಾಬ್ ಬಾಗಿಲು ಮುಚ್ಚಬೇಡಿ

ನಾನು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು, ಕನ್ನಡ ಮೀಡಿಯಂ. ಹತ್ತನೇ ಕ್ಲಾಸಿಗೆ ರಾಸಾಯನಿಕ ಸಮೀಕರಣ ಸರಿದೂಗಿಸೋದು, ಅಂದ್ರೆ ಬಾಣದ ಎರಡೂ ಕಡೆ ಪರಮಾಣು ಲೆಕ್ಕ ಒಂದೇ ಮಾಡೋದು, ಹೇಳ್ಕೊಡುವಾಗ ಪ್ರತಿ ವರ್ಷ ಅದೇ ತಪ್ಪು. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರು ಆಗೋದು ಬರೀರಪ್ಪಾ ಅಂದ್ರೆ, ಆಕ್ಸಿಜನ್ ಒಂದು ಕಮ್ಮಿ ಬಿತ್ತು ಅಂತ ಎಚ್2ಓ ಪಕ್ಕ ಕೆಳಗೆ ಇನ್ನೊಂದು 2 ಅಂಟಿಸಿ ಎಚ್2ಓ2 ಮಾಡಿ ಆಯ್ತು ಸಾರ್ ಅಂತ ಮಕ್ಕಳು ಕೈ ಎತ್ತುತ್ವೆ, ಲೆಕ್ಕ ಸರಿ, ಆದ್ರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗಿರುತ್ತೆ! ಬೋರ್ಡ್ ಮೇಲೆ ನೂರು ಸಲ ಹೇಳಿದ್ರೂ ತಲೆಗೆ ಹೋಗಲ್ಲ.

ಈ ರೋಗಕ್ಕೆ ಮದ್ದು ಸಿಕ್ಕಿದ್ದು ಫೆಟ್ (PhET) ಅನ್ನೋ ವೆಬ್‌ಸೈಟ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಮಕ್ಕಳೇ ಆಡಿಸಿ ನೋಡೋ ಸಿಮ್ಯುಲೇಷನ್‌ಗಳು ಅಲ್ಲಿವೆ. ಅಮೆರಿಕದ ಕೊಲೊರಾಡೋ ಬೌಲ್ಡರ್ ಯೂನಿವರ್ಸಿಟಿದು, 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ್ದು, ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಪೂರ್ತಿ ಫ್ರೀ. ಸಮೀಕರಣದ ಸಿಮ್ಯುಲೇಷನ್‌ನಲ್ಲಿ ಅಣುವಿನ ಮುಂದೆ ಎಡಗಡೆ ಬರೋ ನಂಬರ್ ಮಾತ್ರ ಬದಲಾಯಿಸಬಹುದು, ಕೆಳಗಿನ ನಂಬರ್ ಮುಟ್ಟೋಕೇ ಬಿಡಲ್ಲ. ಅಷ್ಟೇ ಸಾರ್ ಅದರ ಗುಟ್ಟು. ನಂಬರ್ ಏರಿಸಿದ ಹಾಗೆ ಬಾಕ್ಸ್ ಒಳಗೆ ಇಡೀ ಅಣುನೇ ಬಂದು ಕೂರುತ್ತೆ, ತಕ್ಕಡಿ ಬೇಕು ಅಂದ್ರೆ ತಕ್ಕಡಿನೂ ಬರುತ್ತೆ, ಒಂದು ಕಡೆ ವಾಲಿದ್ದು ಮಕ್ಕಳ ಕಣ್ಣಿಗೇ ಕಾಣುತ್ತೆ, ಸರಿಹೋದ್ರೆ ನಗೋ ಮುಖ. ಅದರಲ್ಲಿರೋ ಗೇಮ್‌ನಲ್ಲಿ ನಮ್ಮ ಹುಡುಗಿಯೊಬ್ಬಳು ನೀರಿನ ಸಮೀಕರಣಕ್ಕೆ ಹೈಡ್ರೋಜನ್ 4, ಆಕ್ಸಿಜನ್ 2, ನೀರು 4 ಅಂತ ಹಾಕಿದ್ಲು. ಸರಿದೂಗಿದೆ, ಆದ್ರೆ ಇನ್ನೂ ಚಿಕ್ಕದು ಮಾಡು ಅಂತು ಗೇಮ್. "ಸಾರ್, ಎಲ್ಲಾನೂ ಎರಡರಿಂದ ಭಾಗಿಸಬಹುದು" ಅಂತ ಅವಳೇ ಹೇಳಿದ್ಲು, ನಾನು ಬಾಯಿ ಬಿಡೋ ಮುಂಚೆ.

ದ್ರವ ಎಷ್ಟು ಆಸಿಡ್ ಅಂತ ಅಳೆಯೋ ಪಿಎಚ್ ಸ್ಕೇಲ್ ಸಿಮ್ಯುಲೇಷನ್ ಕೂಡ ಮಜಾ, ಪಿಎಚ್ ಕಮ್ಮಿ ಇದ್ದಷ್ಟೂ ಆಸಿಡ್ ಜೋರು. ಹಾಲು, ಕಾಫಿ, ರಕ್ತ, ಬ್ಯಾಟರಿ ಆಸಿಡ್ ಜೊತೆ ವಾಂತಿನೂ ಇದೆ! ವಾಂತಿ ಪಿಎಚ್ 2 ಅಂತ ತೋರಿಸಿದ ದಿನ ಕ್ಲಾಸ್ ಹತೋಟಿಗೆ ಬರೋಕೆ ಐದು ನಿಮಿಷ ಬೇಕಾಯ್ತು, ಆದ್ರೆ ಹೊಟ್ಟೇಲಿ ಆಸಿಡ್ ಇರುತ್ತೆ ಅನ್ನೋದನ್ನ ಇನ್ನು ಯಾರೂ ಮರೆಯಲ್ಲ. ನಮ್ಮ ಹುಣಸೆಹಣ್ಣು, ಮಜ್ಜಿಗೆ, ಸುಣ್ಣದ ತಿಳಿ ಅದರಲ್ಲಿ ಇಲ್ಲ, ಅವನ್ನ ನಾನು ಅರಿಶಿನದ ಕಾಗದ ಇಟ್ಕೊಂಡು ಕ್ಲಾಸಲ್ಲೇ ಮಾಡಿಸ್ತೀನಿ, ಸುಣ್ಣ ಬಿದ್ದ ಕಡೆ ಕುಂಕುಮದ ಥರ ಕೆಂಪಗಾಗುತ್ತೆ.

ನೆಟ್ ಇಲ್ಲದ ಸ್ಕೂಲಿಗೂ ಆಗುತ್ತೆ, ಮನೇಲಿ ಡೌನ್‌ಲೋಡ್ ಮಾಡ್ಕೊಂಡು ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ ಬ್ರೌಸರ್‌ನಲ್ಲಿ ತೆಗೆದ್ರೆ ಆಯ್ತು. ಕನ್ನಡ ಅನುವಾದನೂ ಇದೆ, ಎಲ್ಲಾದಕ್ಕೂ ಇಲ್ಲ, ಸೈಟ್‌ನಲ್ಲಿ ನೋಡ್ಕೊಳ್ಳಿ.

ಕೊರತೆ ಅಂದ್ರೆ, ಬಣ್ಣದ ಗುಂಡುಗಳು ಬಂದು ಕೂರೋದು ಬಿಟ್ರೆ ಸಮೀಕರಣದ ಸಿಮ್ಯುಲೇಷನ್‌ನಲ್ಲಿ ಕ್ರಿಯೆ ಆಗಿದ್ದು ಗೊತ್ತಾಗಲ್ಲ. ಬಿಸಿ ಇಲ್ಲ, ವಾಸನೆ ಇಲ್ಲ, ಎರಡು ತಿಳಿ ದ್ರಾವಣ ಬೆರೆಸಿದಾಗ ಬೇರಿಯಂ ಸಲ್ಫೇಟ್ ಬೆಳ್ಳಗೆ ಹಾಲಿನ ಥರ ಒಡೆದು ತಳಕ್ಕೆ ಕೂರೋದಿಲ್ಲ. ಅದಕ್ಕೆ ಪ್ರನಾಳ ಹಿಡೀಲೇಬೇಕು. ಸ್ಕೂಲಲ್ಲಿ ಮಾಡೋಕೆ ಭಯ ಆಗೋ ಪೊಟ್ಯಾಸಿಯಂ, ಸೀಸಿಯಂ ಥರದ್ದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಯೂನಿವರ್ಸಿಟಿಯ ಪೀರಿಯಾಡಿಕ್ ವಿಡಿಯೋಸ್ ಅನ್ನೋ ಯೂಟ್ಯೂಬ್ ಚಾನೆಲ್ ನೋಡಿ, ಕೆದರಿದ ಬಿಳಿ ಕೂದಲಿನ ಪ್ರೊಫೆಸರ್ ಪೋಲಿಯಾಕಾಫ್ ಅಂದ್ರೆ ನಮ್ಮ ಮಕ್ಕಳಿಗೆ ಭಾರೀ ಇಷ್ಟ, 118 ಧಾತುಗೂ ವಿಡಿಯೋ ಇದೆ. ಇಂಗ್ಲಿಷ್ ಅರ್ಥ ಆಗಲ್ಲ ಅಂತ ನಾನು ಸೌಂಡ್ ತೆಗೆದು ಕಾಮೆಂಟ್ರಿ ಕೊಡ್ತೀನಿ, ಕ್ರಿಕೆಟ್ ಥರ.

ಒಂದ್ಸಲ ದುಡ್ಡು ಕೊಟ್ಟು ಒಂದು ಅನಿಮೇಷನ್ ಪ್ಯಾಕ್ ತಗೊಂಡಿದ್ದೆ, ಹೆಸರು ಬೇಡ. ಚಿತ್ರ ಚೆನ್ನಾಗಿತ್ತು, ಮಕ್ಕಳು ಕೂತು ನೋಡಿದ್ರು, ಮಾರನೇ ದಿನ ಮತ್ತೆ ಎಚ್2ಓ2. ಫೆಟ್ ಹಾಕಿದಾಗ ಪ್ರೊಜೆಕ್ಟರ್ ಹತ್ರ ನಾನು ನಿಲ್ಲಲ್ಲ, ಮೌಸ್ ಕೊನೇ ಬೆಂಚಿಗೆ ಕೊಡ್ತೀನಿ. ನೀವೂ ಹಾಗೇ ಮಾಡಿ. ಐದಕ್ಕೆ ನಾಲ್ಕೂವರೆ ಸ್ಟಾರ್, ಆ ಅರ್ಧ ಹಿಡ್ಕೊಂಡಿದ್ದು ಹುಣಸೆಹಣ್ಣಿಗೆ.