ನನ್ನ ನೂರು ಕಾರ್ಡು ಹಾಳಾದದ್ದು ಹೀಗೆ

ಹಬ್ಬಕ್ಕೆ ಸ್ಟ್ಯಾಂಪು ಒತ್ತಿ ಕಾರ್ಡು ಮಾಡಬೇಕು, ಉಡುಗೊರೆಗೆ ಟ್ಯಾಗು ಮಾಡಬೇಕು ಅಂತ ಯಾರಿಗಾದರೂ ಆಸೆ ಇದ್ದರೆ, ದುಡ್ಡು ಕಳಿಸುವ ಮೊದಲು ಇದನ್ನು ಓದಿ. ಕಳೆದ ವರ್ಷ ನಾನು ಇದರಲ್ಲಿ ದುಡ್ಡು ಕಳೆದುಕೊಂಡೆ. ಮರ್ಯಾದೆಯೂ ಸ್ವಲ್ಪ ಹೋಯಿತು.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ಮೊದಲು ಮನೆಮಟ್ಟಿಗೆ ಕಾರ್ಡು ಮಾಡುತ್ತಿದ್ದೆ. ಡ್ರಾಯಿಂಗ್ ಶೀಟು, ಮಕ್ಕಳ ಬಣ್ಣ, ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದ ಹೂವು. ದೀಪಾವಳಿಗೆ ಹತ್ತು ಹನ್ನೆರಡು ಕಾರ್ಡು, ಅಷ್ಟೇ. ಅದನ್ನು ನೋಡಿ ಬೇಳದ ಕಡೆಯ ಒಬ್ಬರು ಬಾಯಮ್ಮ (ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹೀಗೆ ಕರೆಯುವುದು) ನವೆಂಬರಿನಲ್ಲಿ ಫೋನ್ ಮಾಡಿದರು. "ಕ್ರಿಸ್ಮಸ್ಸಿಗೆ ನೂರು ಕಾರ್ಡು ಬೇಕು ಮಗಾ. ಕುಸ್ವಾರ್ ಪ್ಯಾಕೆಟ್ಟಿಗೆ ಕಟ್ಟಲಿಕ್ಕೆ ನೂರೈವತ್ತು ಟ್ಯಾಗೂ ಬೇಕು. ಅಂಗಡಿಯದ್ದು ಬೇಡ, ನೀನೇ ಮಾಡು." ಕುಸ್ವಾರ್ ಅಂದರೆ ಕ್ರಿಸ್ಮಸ್ಸಿಗೆ ಮಾಡಿ ಹಂಚುವ ತಿಂಡಿ. ಕಾರ್ಡಿಗೆ 40, ಟ್ಯಾಗಿಗೆ 8 ಅಂತ ಮಾತಾಯಿತು. ಒಟ್ಟು 5,200. ಎರಡು ಸಾವಿರ ಮುಂಗಡವನ್ನೂ ಕೊಟ್ಟರು.

ನೂರು ಕಾರ್ಡಿಗೆ ಬೆಂಡೆಕಾಯಿ ಸಾಲುವುದಿಲ್ಲ ಅಲ್ವಾ? ಸ್ಟ್ಯಾಂಪು ಮಾಡಿಸಲು ಹೊರಟೆ.

ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ಸಿಕ್ಕಿತು. ಹೆಸರು ಬೇಡ. ಚಂದ ಚಂದದ ವಿಡಿಯೋ, ಎಲ್ಲ ಇಂಗ್ಲಿಷ್ ಅಕ್ಷರದ್ದು. ಕನ್ನಡದಲ್ಲಿ ಆಗುತ್ತದಾ ಅಂತ ಕೇಳಿದೆ. "ಯಾವ ಭಾಷೆಯೂ ಆಗುತ್ತದೆ ಮೇಡಂ" ಅಂದರು. ಎರಡು ಸ್ಟ್ಯಾಂಪಿಗೆ 1,350 ರೂಪಾಯಿ, ಪೂರ್ತಿ ಮೊದಲೇ ಕೊಡಬೇಕು. "ಕ್ರಿಸ್ಮಸ್ ಹಬ್ಬದ ಹಾರ್ದಿಕ ಶುಭಾಶಯಗಳು" ಅಂತ ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದೆ. ಮಾಡುವ ಮೊದಲು ಒಂದು ಪ್ರೂಫ್, ಅಂದರೆ ಅಕ್ಷರ ಹೇಗೆ ಬರುತ್ತದೆ ಅಂತ ತೋರಿಸುವ ಮಾದರಿ, ಕಳಿಸಿ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಹನ್ನೆರಡು ದಿನ ಕಳೆದು ಪಾರ್ಸೆಲ್ ಬಂತು. ಒಂದು ಹಾಳೆಯ ಮೇಲೆ ಒತ್ತಿ ನೋಡಿದೆ. "ಕ್‌ರಿಸ್‌ಮಸ್ ಹಬ್‌ಬದ ಹಾರ್‌ದಿಕ ಶುಭಾಶಯಗಳು."

ಒತ್ತಕ್ಷರ ಒಂದೂ ಇಲ್ಲ. ಎಲ್ಲ ಅರ್ಧಾಕ್ಷರಗಳು ಬಾಲ ಎತ್ತಿಕೊಂಡು ಸಾಲಾಗಿ ನಿಂತಿವೆ. ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ: "ಅಕ್ಷರ ಎಲ್ಲ ಇದೆಯಲ್ಲ ಮೇಡಂ?" ಅದೂ ಸುಳ್ಳಲ್ಲ, ಎಲ್ಲ ಇತ್ತು! ಹೇಳಿ ಮಾಡಿಸಿದ ಮಾಲಿಗೆ ದುಡ್ಡು ವಾಪಸಿಲ್ಲ ಅಂತ ಮೊದಲೇ ಬರೆದಿದ್ದೇವೆ ಅಂದರು. ಹೌದು, ಬರೆದಿತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ನಮ್ಮ ಕಾಸರಗೋಡಿನಲ್ಲಿ ತಪ್ಪು ಕನ್ನಡದ ಬೋರ್ಡು ನೋಡಿ ಗೊಣಗುವುದು ದಿನನಿತ್ಯದ ಕೆಲಸ. ಈ ಸಲ ಅದನ್ನು ನಾನೇ ದುಡ್ಡು ಕೊಟ್ಟು ಮನೆಗೆ ತರಿಸಿಕೊಂಡಿದ್ದೆ.

ಯಾಕೆ ಹೀಗಾಗುತ್ತದೆ ಅಂದರೆ, ನಾವು ಫೋನಿನಲ್ಲಿ ಟೈಪ್ ಮಾಡುವುದು ಯುನಿಕೋಡ್. ಅದರಲ್ಲಿ ಒತ್ತಕ್ಷರ ಅಂತ ಬೇರೆ ಅಕ್ಷರ ಇಲ್ಲ. ರ್ ಮತ್ತು ದಿ ಪಕ್ಕಪಕ್ಕ ಇರುತ್ತವೆ, ಅವನ್ನು ಕೂಡಿಸಿ 'ರ್ದಿ' ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಡಿಸೈನ್ ಮಾಡುವ ಕೆಲವು ಸಾಫ್ಟ್‌ವೇರುಗಳಿಗೆ, ಅದರಲ್ಲೂ ಹಳೆಯವಕ್ಕೆ, ಇದು ಬರುವುದಿಲ್ಲ. ಕೆಲವದರಲ್ಲಿ ಒಂದು ಸೆಟ್ಟಿಂಗ್ ಬದಲಿಸಬೇಕು. ಕನ್ನಡ ಓದಲು ಬಾರದವರಿಗೆ ಅದು ಒಡೆದಿದೆ ಅಂತ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ಪದವನ್ನು ಟೈಪ್ ಮಾಡಿ ಕಳಿಸಲೇ ಬೇಡಿ. ಬಿಳಿ ಕಾಗದದಲ್ಲಿ ಕಪ್ಪು ಪೆನ್ನಿನಿಂದ ದೊಡ್ಡದಾಗಿ ಬರೆದು, ಸ್ಕ್ಯಾನ್ ಮಾಡಿ ಚಿತ್ರವಾಗಿ ಕಳಿಸಿ. ಉಲ್ಟಾ ಮಾಡಿ ಕಳಿಸುವುದೂ ಬೇಡ, ಅದನ್ನು ಅವರೇ ಮಾಡುತ್ತಾರೆ. ಇಬ್ಬರೂ ಉಲ್ಟಾ ಮಾಡಿದರೆ ಆಮೇಲೆ ಕನ್ನಡಿ ಹಿಡಿದೇ ಓದಬೇಕು.

ಅಕ್ಷರ ತೀರಾ ಸಣ್ಣದು ಮಾಡಿಸಬೇಡಿ. ಇಂಗ್ಲಿಷಿಗೆ ಸರಿಹೋಗುವ ಅಳತೆ ನಮ್ಮ ಅಕ್ಷರಕ್ಕೆ ಆಗುವುದಿಲ್ಲ. 'ಭ'ದ ಹೊಟ್ಟೆ ಸೀಳುವ ಗೆರೆ ಇದೆಯಲ್ಲ, ಅದರಲ್ಲಿ ಇಂಕು ತುಂಬಿದರೆ 'ಶುಬಾಶಯ' ಆಗಿಬಿಡುತ್ತದೆ. 'ಧ'ದ ಕಥೆಯೂ ಅದೇ.

ಕಡೆಗೆ ಕಾಸರಗೋಡು ಪೇಟೆಯಲ್ಲಿ ಆಫೀಸು ಸೀಲು ಮಾಡುವ ಅಂಗಡಿಗೆ ಹೋದೆ. ನನ್ನ ಕೈಬರಹ ಕೊಟ್ಟೆ. ಮರುದಿನ ಸಿಕ್ಕಿತು, 450 ರೂಪಾಯಿ. ಒಂದು ಅಕ್ಷರವೂ ತಪ್ಪಿಲ್ಲ. ಮೊದಲೇ ಅಲ್ಲಿಗೆ ಹೋಗಿದ್ದರೆ ಈ ಬರಹ ಅರ್ಧದಷ್ಟು ಇರುತ್ತಿತ್ತು.

ಇನ್ನರ್ಧ ನನ್ನದೇ ತಪ್ಪು.

ಕಾರ್ಡಿಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ) ಆರ್ಟ್ ಕಾರ್ಡು ತಂದೆ, ಎ4 ಅಳತೆಯದ್ದು ಐವತ್ತು ಶೀಟು. ಒಂದು ಶೀಟಿಗೆ ಎರಡು ಕಾರ್ಡು. ಒಳ್ಳೆ ನುಣುಪು, ಫಳಫಳ ಹೊಳಪು. ಇಂಕು ಮಾತ್ರ ಸೀಲಿಗೆ ಒತ್ತುವ ಮಾಮೂಲಿ ಸ್ಟ್ಯಾಂಪ್ ಪ್ಯಾಡು, ಕೆಂಪು ಮತ್ತು ಹಸಿರು. ರಾತ್ರಿ ಊಟ ಮುಗಿಸಿ ಕೂತು ಒಂದೇ ಸಮ ನೂರೂ ಒತ್ತಿದೆ. ಚಾಪೆ, ಮಂಚ, ಹೊಲಿಗೆ ಮೆಷಿನು, ಎಲ್ಲ ಕಡೆ ಕಾರ್ಡು ಹರಡಿದ್ದೆ. ನೋಡಲಿಕ್ಕೆ ಹಬ್ಬದ ಹಾಗೆಯೇ ಇತ್ತು. ಬೆಳಿಗ್ಗೆ ಎದ್ದು ಒಂದರ ಮೇಲೆ ಹೆಬ್ಬೆರಳು ಇಟ್ಟೆ. ನಕ್ಷತ್ರ ಬಾಲ ಬೆಳೆಸಿಕೊಂಡು ಧೂಮಕೇತು ಆಯಿತು.

ಮೂರು ದಿನ ಕಾದೆ. ಒಣಗಲಿಲ್ಲ. ಪ್ಯಾಡು ಬೇಗ ಒಣಗಬಾರದು ಅಂತ ಆ ಇಂಕಿಗೆ ಗ್ಲಿಸರಿನ್ ತರಹದ್ದು ಹಾಕಿರುತ್ತಾರೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸಾಧಾರಣ ಕಾಗದವಾದರೆ ಇಂಕನ್ನು ಹೀರಿಕೊಳ್ಳುತ್ತದೆ, ತೊಂದರೆ ಇಲ್ಲ. ಆರ್ಟ್ ಕಾರ್ಡಿನ ಮೇಲೆ ಜೇಡಿಯಂಥದ್ದರ ನುಣುಪು ಲೇಪ ಇರುತ್ತದೆ, ಇಂಕು ಅದರ ಮೇಲೆಯೇ ಕೂತುಬಿಡುತ್ತದೆ. ಮೇಲಿಂದ ನಮ್ಮ ಕರಾವಳಿಯ ಹವೆ. ತುಲಾ ಮಾಸದ ಮಳೆ ಬಿಟ್ಟರೂ ಒಗೆದ ಬಟ್ಟೆ ಒಣಗಲು ಎರಡು ದಿನ ಬೇಕು, ಇನ್ನು ಇದು ಒಣಗೀತೇ?

ಮಗಳು ಯೂಟ್ಯೂಬ್ ನೋಡಿ ಎಂಬಾಸಿಂಗ್ ಪೌಡರ್ ಹಾಕು ಅಂದಳು. ಒಂದು ಡಬ್ಬಿ ತರಿಸಿದೆ. ಹಸಿ ಇಂಕಿನ ಮೇಲೆ ಉದುರಿಸಿ ಬಿಸಿ ಮಾಡಿದರೆ ಕರಗಿ ಉಬ್ಬಿ ನಿಲ್ಲುತ್ತದೆ, ನಿಜ. ಆದರೆ ಅದಕ್ಕೆ ಹೀಟ್ ಗನ್ ಬೇಕು. ನಾನು ಹಿಡಿದದ್ದು ತಲೆಕೂದಲು ಒಣಗಿಸುವ ಡ್ರೈಯರ್. ಅದರ ಬಿಸಿ ಸಾಲದು, ಗಾಳಿ ಜಾಸ್ತಿ. ಪೌಡರೆಲ್ಲ ಹಾರಿ ನೆಲಕ್ಕೆ. ಎರಡು ವಾರ ಗುಡಿಸಿದರೂ ಮೂಲೆಯಲ್ಲಿ ಬಂಗಾರದ ಧೂಳು ಮಿಂಚುತ್ತಿತ್ತು.

ಇಂಗ್ಲೆಂಡಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಅನ್ನುವವರು ಎಲ್ಲರಿಗೂ ಕಾಗದ ಬರೆಯಲು ಪುರುಸೊತ್ತಿಲ್ಲ ಅಂತ ಕ್ರಿಸ್ಮಸ್ ಕಾರ್ಡು ಅಚ್ಚು ಹಾಕಿಸಿದರಂತೆ. ಮೊದಲ ಕ್ರಿಸ್ಮಸ್ ಕಾರ್ಡು ಅಂತ ಹೇಳುವುದು ಅದನ್ನೇ. ಡ್ರೈಯರ್ ಹಿಡಿದು ಕೂತ ಆ ರಾತ್ರಿ ನನಗೆ, ನೂರು ಕಾಗದ ಬರೆದಿದ್ದರೆ ಇಷ್ಟರಲ್ಲಿ ಮುಗಿಯುತ್ತಿತ್ತು ಅನ್ನಿಸಿತು.

ಹೂವು, ನಕ್ಷತ್ರ ಇರುವ ಪಾರದರ್ಶಕ ಸ್ಟ್ಯಾಂಪಿನ ಒಂದು ಸೆಟ್ ಕೂಡ ತಂದಿದ್ದೆ. ರಬ್ಬರ್ ಶೀಟು ಬಿಸಿಲಿಗೆ ಹಾಕಿ ಅಭ್ಯಾಸ ಇರುವ ಮನೆ ನಮ್ಮದು. ಇದನ್ನೂ ಥಿನ್ನರಿನಲ್ಲಿ ಒರೆಸಿ ಕಿಟಕಿಯ ಬಿಸಿಲಿಗೆ ಇಟ್ಟೆ. ಅದು ರಬ್ಬರೇ ಅಲ್ಲ, ಯುವಿ ಬೆಳಕಿನಲ್ಲಿ ಗಟ್ಟಿ ಮಾಡಿದ ಪ್ಲಾಸ್ಟಿಕ್ಕಿನಂಥ ವಸ್ತು. ಹಳದಿಯಾಯಿತು, ಅಂಟು ಅಂಟಾಯಿತು. ಸಾಬೂನು ನೀರಲ್ಲಿ ತೊಳೆದು ನೆರಳಲ್ಲಿ ಇಟ್ಟಿದ್ದರೆ ಸಾಕಿತ್ತು.

ಈಗ ಟ್ಯಾಗಿನ ವಿಷಯ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ಟ್ಯಾಗಿಗೆ ಅಡಿಕೆ ಹಾಳೆ ಚಂದ ಅಂತ ಹಾಳೆತಟ್ಟೆ ಮಾಡುವಲ್ಲಿಂದ ಅಂಚಿನ ತುಂಡು ತಂದು ಕತ್ತರಿಸಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟದ್ದಕ್ಕೆ ಒಂದೇ ವಾರದಲ್ಲಿ ಕಾಲು ಭಾಗ ಬೂಸ್ಟು ಹಿಡಿಯಿತು. ಉಳಿದದ್ದರ ಮೇಲೆ ಒತ್ತಿದರೆ ಇಂಕು ನಾರಿನ ಗುಂಟ ಹರಿದು ನಕ್ಷತ್ರಕ್ಕೆ ಜರಿಹುಳದ ಹಾಗೆ ಕಾಲು ಬಂತು. ಆದರೂ ಆರಿಸಿ ಅರುವತ್ತು ಟ್ಯಾಗು ತಯಾರು ಮಾಡಿ ಕೊಟ್ಟೆ. ದಾರದಲ್ಲಿ ಹೊರಗೆ ಕಟ್ಟಿ ಅಂತ ಹೇಳಲು ನೆನಪಾಗಲಿಲ್ಲ. ಬಾಯಮ್ಮನ ಮನೆಯ ಕೆಲಸದ ಹುಡುಗಿ ಬೀಳಬಾರದು ಅಂತ ಇಪ್ಪತ್ತು ಪ್ಯಾಕೆಟ್ಟಿನಲ್ಲಿ ಟ್ಯಾಗನ್ನು ಒಳಗೇ ಹಾಕಿಬಿಟ್ಟಳು, ನೆವ್ರಿಯ ಮೇಲೆಯೇ. ಎಣ್ಣೆಯಲ್ಲಿ ಕರಿದ ತಿಂಡಿ. ಸಂಜೆಗೆ ಬಾಯಮ್ಮನ ಫೋನ್: "ಇದೆಂತ ಮಗಾ, ನೆವ್ರಿಗೆ ಕುಂಕುಮ ಹಚ್ಚಿದ್ದಾ?"

ಓಡಿ ಹೋಗಿ ನೋಡಿದೆ. ಬಿಳಿ ನೆವ್ರಿಯ ಮಡಿಕೆ ಮಡಿಕೆಯಲ್ಲಿ ಕೆಂಪು ಇಳಿದಿತ್ತು. ಅವರು ತಮಾಷೆಯಲ್ಲೇ ಹೇಳಿದ್ದು, ಆದರೆ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸ್ಟ್ಯಾಂಪ್ ಇಂಕು ತಿನ್ನುವ ಬಣ್ಣ ಅಲ್ಲ. ಇಪ್ಪತ್ತು ಪ್ಯಾಕೆಟ್ಟನ್ನೂ ಬಿಸಾಡಿಸಿದೆ. ತಿಂಡಿಯ ಹತ್ತಿರ ಹೋಗುವ ಟ್ಯಾಗಿಗೆ ಇಂಕು ಒತ್ತಲೇ ಬೇಡಿ, ಒತ್ತಿದರೆ ಮುಚ್ಚಿದ ಪ್ಯಾಕೆಟ್ಟಿನ ಹೊರಗೆ ಉದ್ದ ದಾರದಲ್ಲಿ ತೂಗಲಿ. ಕೊಡುವಾಗ ಬಾಯಿಬಿಟ್ಟು ಹೇಳಿ.

ಮುಂಗಡ ವಾಪಸ್ ಕೊಟ್ಟೆ. ಬಾಯಮ್ಮ ಬೇಡ ಬೇಡ ಅಂದರು, ಕೈಯಲ್ಲಿಟ್ಟು ಬಂದೆ. ಇಂಕು, ಪೌಡರ್, ಕಾರ್ಡು, ಎರಡೆರಡು ಸಲದ ಸ್ಟ್ಯಾಂಪು ಎಲ್ಲ ಸೇರಿ ಮೂರು ಸಾವಿರದ ಮೇಲೆ ಹೋಗಿದೆ.

ಈಗ ನಾನು ಕಾಗದ ತರುವಾಗ ಅಂಗಡಿಯಲ್ಲೇ ಒಂದು ತುಂಡು ಕೇಳಿ, ಸ್ಟ್ಯಾಂಪು ಒತ್ತಿ, ಐದು ನಿಮಿಷ ಬಿಟ್ಟು ಉಜ್ಜಿ ನೋಡುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮ್ಯಾಟ್ ಅಂತ ಬರೆದಿದ್ದರೆ ನಂಬುವುದಿಲ್ಲ, ಹೊಳಪಿಲ್ಲದ ಮಾತ್ರಕ್ಕೆ ಲೇಪ ಇಲ್ಲ ಅಂತ ಅಲ್ಲ. ಡ್ರಾಯಿಂಗ್ ಶೀಟೇ ವಾಸಿ.

ಒಡೆದ ಅಕ್ಷರದ ಸ್ಟ್ಯಾಂಪು ಮಗಳ ಹತ್ತಿರ ಇದೆ. ಅವಳ ನೋಟುಬುಕ್ಕಿನ ತುಂಬಾ ಹಾರ್‌ದಿಕ ಶುಭಾಶಯ. ಬಾಯಮ್ಮ ಈ ವರ್ಷವೂ ಹೇಳಿದ್ದಾರೆ, ಆದರೆ ನೂರೈವತ್ತಲ್ಲ, ಇಪ್ಪತ್ತು ಟ್ಯಾಗು. ಕಟ್ಟುವ ಕೆಲಸ ಅವರೇ ಕೂತು ಮಾಡುತ್ತಾರಂತೆ.