ಹರಾಜಿನ ಫೋಟೋಗಳಿಗೆ ಇರ್ಫಾನ್‌ವ್ಯೂ: ಒಂಬತ್ತು ವರ್ಷ ಬಳಸಿದ ಮೇಲೆ

"ಮುಂದಿನ ಗಾಜಿನಲ್ಲಿ ಸಣ್ಣ ಗೀರು ಇದೆ ಅಂತ ಬರೆದಿದ್ದೀರಿ. ಎಷ್ಟು ಹುಡುಕಿದರೂ ಫೋಟೋದಲ್ಲಿ ಕಾಣ್ತಿಲ್ಲ. ಎಲ್ಲಿದೆ?"

ಆನ್‌ಲೈನ್ ಹರಾಜಿಗೆ ನಾನು ಹಾಕಿದ ಮೊದಲ ಕ್ಯಾಮೆರಾ ಲೆನ್ಸಿಗೆ ಬಂದ ಮೊದಲ ಪ್ರಶ್ನೆ ಇದು. ಗೀರು ನಿಜವಾಗಿಯೂ ಇತ್ತು. ಮೂಲ ಫೋಟೋದಲ್ಲಿ ಎದ್ದು ಕಾಣುತ್ತಿತ್ತು ಕೂಡ. ಬೇಗ ಅಪ್‌ಲೋಡ್ ಆಗಲಿ ಅಂತ ಫೋಟೋವನ್ನು 640 ಪಿಕ್ಸೆಲ್‌ಗೆ ಇಳಿಸಿದ್ದೆ, ಅಷ್ಟೇ. ಆಮೇಲೆ ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. 4000 ಪಿಕ್ಸೆಲ್ ಅಗಲದ ಮೂಲ ಫೋಟೋದಲ್ಲಿ ಆ ಗೀರು ಸುಮಾರು 3 ಪಿಕ್ಸೆಲ್ ದಪ್ಪ ಇತ್ತು. 640ಕ್ಕೆ ಇಳಿಸಿದಾಗ ಅದರ ಪಾಲಿಗೆ ಉಳಿದದ್ದು ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ ಅಂದರೆ ಪಕ್ಕದ ಗಾಜಿನ ಬಣ್ಣದಲ್ಲಿ ಕರಗಿಹೋಗುವ ಮಸುಕು. ಅದೇ 1600ಕ್ಕೆ ಇಳಿಸಿದ್ದರೆ ಒಂದು ಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತಿತ್ತು. ಕೂದಲೆಳೆಯಷ್ಟಾದರೂ ಕಾಣುತ್ತಿತ್ತು.

ನಾವು ಏನೇ ಬರೆದರೂ ಕೊಳ್ಳುವವರು ನಂಬುವುದು ಫೋಟೋವನ್ನೇ, ಅಲ್ವಾ? ವಸ್ತು ಕೈ ಸೇರುವ ಮುಂಚೆಯೇ ಅದರ ಕುಂದು ಅವರ ಕಣ್ಣಿಗೆ ಬೀಳಬೇಕು. ಫೋಟೋ ಕುಗ್ಗಿಸುವಾಗ ನಾನು ಮುಖ್ಯವಾಗಿ ನೋಡುವುದು ಇದೊಂದನ್ನೇ. ಈ ವಿಮರ್ಶೆಯೂ ಆ ಲೆಕ್ಕದಲ್ಲೇ ಬರೆದದ್ದು.

ಆ ಪ್ರಶ್ನೆ ಬಂದ ವಾರವೇ ಇರ್ಫಾನ್‌ವ್ಯೂ ಹಾಕಿಕೊಂಡೆ. ಇಂದಿಗೂ ಅದನ್ನೇ ಬಳಸುತ್ತಿದ್ದೇನೆ. ಇದು ಫೋಟೋ ನೋಡಲು, ತಿದ್ದಲು ವಿಂಡೋಸ್‌ಗೆ ಸಿಗುವ ಒಂದು ಪುಟ್ಟ ತಂತ್ರಾಂಶ. ಇರ್ಫಾನ್ ಶ್ಕಿಲ್ಯಾನ್ ಎಂಬವರು 1996ರಲ್ಲಿ ಹೊರತಂದದ್ದು, ಅಲ್ಲಿಂದ ಹೊಸ ಆವೃತ್ತಿಗಳು ಬರುತ್ತಲೇ ಇವೆ. ಹಳೇ ಲ್ಯಾಪ್‌ಟಾಪಿನಲ್ಲೂ ಕ್ಲಿಕ್ ಮಾಡಿದ ತಕ್ಷಣ ತೆರೆದುಕೊಳ್ಳುತ್ತದೆ. ಮನೆ ಬಳಕೆಗೆ ಉಚಿತ. ವ್ಯಾಪಾರಕ್ಕೆ ಬಳಸುವವರು ಲೈಸೆನ್ಸ್ ಕೊಳ್ಳಬೇಕು. ಮನೆಯಲ್ಲಿ ಬಿದ್ದಿರುವ ಒಂದೆರಡು ವಸ್ತು ಮಾರುವುದು ಬೇರೆ, ಅದನ್ನೇ ಕಸುಬು ಮಾಡಿಕೊಳ್ಳುವುದು ಬೇರೆ. ಎರಡನೆಯ ಗುಂಪಿನವರು ದಯವಿಟ್ಟು ಲೈಸೆನ್ಸ್ ಕೊಳ್ಳಿ. ಇಷ್ಟು ವರ್ಷ ಒಬ್ಬರು ಶ್ರದ್ಧೆಯಿಂದ ಸಾಕಿಕೊಂಡು ಬಂದ ತಂತ್ರಾಂಶ ಇದು.

ಒಂದೇ ಫೋಟೋ ಆದರೆ ಕೆಲಸ ಸುಲಭ. ಫೋಟೋ ತೆರೆದು ಕಂಟ್ರೋಲ್ ಜೊತೆ ಆರ್ ಒತ್ತಿದರೆ ಅಳತೆಯ ಕಿಟಕಿ ಬರುತ್ತದೆ. ಉದ್ದದ ಬದಿಗೆ 1600 ಅಂತ ಬರೆಯಿರಿ. ಅಗಲ ಮತ್ತು ಎತ್ತರದ ಅನುಪಾತ ಉಳಿಸುವ ಗುರುತು ಹಾಕಿಯೇ ಇರಲಿ, ಇಲ್ಲದಿದ್ದರೆ ದುಂಡಗಿನ ಲೆನ್ಸ್ ಮೊಟ್ಟೆಯಾಗುತ್ತದೆ. ಅದೇ ಕಿಟಕಿಯಲ್ಲಿ ಎರಡು ವಿಧಾನ ಕಾಣುತ್ತವೆ: ರೀಸೈಜ್ ಮತ್ತು ರೀಸ್ಯಾಂಪಲ್. ಮೊದಲನೆಯದು ಬೇಗ ಮುಗಿಯುತ್ತದೆ, ಆದರೆ ಗುಣಮಟ್ಟ ಕಡಿಮೆ. ಎರಡನೆಯದು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಹೊಸ ಪಿಕ್ಸೆಲ್ ಮಾಡುತ್ತದೆ. ಹೆಸರು ಹತ್ತಿರ ಹತ್ತಿರ ಇದ್ದರೂ ಫಲಿತಾಂಶ ಬಹಳ ಬೇರೆ.

ಲೆನ್ಸಿನ ಫೋಕಸ್ ರಿಂಗ್ ನೋಡಿದ್ದೀರಾ? ಬೆರಳು ಜಾರದಿರಲಿ ಅಂತ ರಬ್ಬರಿನಲ್ಲಿ ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ಒಂದೇ ಫೋಟೋವನ್ನು ಎರಡೂ ವಿಧಾನದಲ್ಲಿ ಕುಗ್ಗಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ರೀಸೈಜ್ ಮಾಡಿದ್ದರಲ್ಲಿ ಕೆಲವು ಗೆರೆ ದಪ್ಪ, ಕೆಲವು ತೆಳು, ಅಲ್ಲಲ್ಲಿ ಮೆಟ್ಟಿಲು ಮೆಟ್ಟಿಲು. ನೋಡಿದವರು ರಬ್ಬರ್ ಕಿತ್ತುಹೋಗಿದೆ ಅಂದುಕೊಳ್ಳಬೇಕು, ಹಾಗಿತ್ತು. ರೀಸ್ಯಾಂಪಲ್‌ನಲ್ಲಿ ಲಾಂಕ್ಝೋಸ್ ಎಂಬ ಫಿಲ್ಟರ್ ಆರಿಸಿಕೊಂಡು ಮಾಡಿದಾಗ ಗೆರೆಗಳೆಲ್ಲ ಸಮನಾಗಿ ಬಂದವು. ಇವತ್ತಿಗೂ ಅದನ್ನು ಬದಲಾಯಿಸಿಲ್ಲ.

ನಿಜವಾದ ಉಪಯೋಗ ಗೊತ್ತಾಗುವುದು ಬ್ಯಾಚ್ ಕೆಲಸದಲ್ಲಿ, ಅಂದರೆ ಹಲವು ಫೋಟೋಗಳನ್ನು ಒಂದೇ ಸಲಕ್ಕೆ ಕುಗ್ಗಿಸುವಾಗ. ಒಂದು ಲೆನ್ಸಿಗೆ ಹತ್ತು ಹನ್ನೆರಡು ಫೋಟೋ ಬೇಕೇ ಬೇಕು. ಐದು ವಸ್ತು ಅಂದರೆ ಐವತ್ತು ಅರವತ್ತು ಫೋಟೋ. ಬಿ ಕೀ ಒತ್ತಿದರೆ ಬ್ಯಾಚ್ ಕಿಟಕಿ ಬರುತ್ತದೆ. ಎಡಕ್ಕೂ ಬಲಕ್ಕೂ ತುಂಬಿಕೊಂಡ ಬಟನ್‌ಗಳನ್ನು ನೋಡಿ ಮೊದಲ ದಿನ ನಾನು ಮುಚ್ಚಿಬಿಟ್ಟಿದ್ದೆ. ಬೇಕಾಗಿರುವುದು ಮೂರ್ನಾಲ್ಕೇ. ಅಡ್ವಾನ್ಸ್ಡ್ ಭಾಗಕ್ಕೆ ಹೋಗಿ ಉದ್ದದ ಬದಿ 1600 ಅಂತ ಕೊಡಿ. ಅಡ್ಡ ಫೋಟೋ, ನಿಂತ ಫೋಟೋ ಎರಡಕ್ಕೂ ಅದೊಂದೇ ಸಂಖ್ಯೆ ಸಾಕು. ರೀಸ್ಯಾಂಪಲ್ ಗುರುತು ಹಾಕಿ. ಚಿಕ್ಕ ಫೋಟೋಗಳನ್ನು ದೊಡ್ಡದು ಮಾಡಬೇಡ ಎಂಬ ಗುರುತನ್ನೂ ಹಾಕಿ. ಇದು ಬಹಳ ಮುಖ್ಯ. ಗೀರಿನ ಸುತ್ತ 900 ಪಿಕ್ಸೆಲ್ ಕತ್ತರಿಸಿ ಇಟ್ಟಿರುತ್ತೀರಿ. ಅದನ್ನು 1600ಕ್ಕೆ ಎಳೆದರೆ ಹೊಸ ವಿವರವೇನೂ ಹುಟ್ಟುವುದಿಲ್ಲ, ಸುಮ್ನೆ ಮಬ್ಬಾಗುತ್ತದೆ. ಎಲ್ಲ ಹೊಂದಿಸಿದ ಮೇಲೆ ಸೆಟ್ಟಿಂಗ್ಸ್ ಉಳಿಸಿಕೊಳ್ಳುವ ಬಟನ್ ಇದೆ. ಮುಂದಿನ ಸಲ ಅದನ್ನು ಕರೆದರೆ ಸಾಕು.

1600 ಯಾಕೆ ಅಂದರೆ, ಆನ್‌ಲೈನ್ ಹರಾಜು ತಾಣವಾದ ಇಬೇ ತನ್ನ ಮಾರಾಟಗಾರರಿಗೆ ಹೇಳುವ ಅಳತೆ ಅದು. ಅಲ್ಲಿ ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಲೇಬೇಕು. 1600 ಇದ್ದರೆ ನೋಡುವವರು ಜೂಮ್ ಮಾಡಿದಾಗ ವಿವರ ಸ್ಪಷ್ಟವಾಗಿ ಸಿಗುತ್ತದೆ. ಫೋಟೋ ಸುತ್ತ ಅಂಚುಪಟ್ಟಿ, ಮೇಲೆ ಬರಹ ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಬೇರೆ ತಾಣಗಳ ಮಿತಿ ಬೇರೆ ಇರಬಹುದು, ಒಮ್ಮೆ ಓದಿಕೊಳ್ಳಿ. ನನಗಂತೂ 1600 ಎಲ್ಲ ಕಡೆ ಹೊಂದಿಕೊಂಡಿದೆ.

ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕದ ಬಗ್ಗೆ ಒಂದು ಮಾತು. ವೆಬ್‌ಗೆ ಹಾಕುವ ಫೋಟೋ 72 ಡಿಪಿಐ ಇರಬೇಕು ಅಂತ ಈಗಲೂ ಹೇಳುವವರಿದ್ದಾರೆ. ಅದು ಮುದ್ರಣಕ್ಕೆ ಸಂಬಂಧಿಸಿದ ಸಂಖ್ಯೆ. ಪರದೆ ಮೇಲೆ ಲೆಕ್ಕಕ್ಕೆ ಬರುವುದು ಪಿಕ್ಸೆಲ್ ಮಾತ್ರ. ಇರ್ಫಾನ್‌ವ್ಯೂನಲ್ಲೂ ಡಿಪಿಐ ಜಾಗ ಇದೆ, ಮುಟ್ಟಬೇಡಿ.

ಇನ್ನು ಉಳಿಸುವ ಹಂತ. ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಫೈಲ್ ಬಗೆ ಜೆಪೆಗ್. ಅದರಲ್ಲಿ ಉಳಿಸಿದಾಗಲೆಲ್ಲ ಸ್ವಲ್ಪ ವಿವರ ಹೋಗುತ್ತದೆ. ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ್ದನ್ನು ಬಿಟ್ಟುಬಿಡುವುದು ಅದರ ಕ್ರಮ. ಕ್ವಾಲಿಟಿ ತುಂಬಾ ಇಳಿಸಿದರೆ ಆ ಚೌಕಗಳೇ ಕಾಣತೊಡಗುತ್ತವೆ. ಅದಕ್ಕೇ ಕ್ರಾಪ್ (ಕತ್ತರಿಸುವುದು), ಕುಗ್ಗಿಸುವುದು, ಶಾರ್ಪನ್ (ಅಂಚು ಚೂಪು ಮಾಡುವುದು) ಎಲ್ಲ ಮುಗಿಸಿ ಒಂದೇ ಸಲ ಉಳಿಸಬೇಕು. ನಾನು ಕ್ವಾಲಿಟಿ 90ಕ್ಕೆ ಇಟ್ಟಿದ್ದೇನೆ. ತಾಣಗಳೂ ಸಾಮಾನ್ಯವಾಗಿ ತಮ್ಮ ಕಡೆಯಿಂದ ಇನ್ನೊಮ್ಮೆ ಕುಗ್ಗಿಸುತ್ತವೆ, ಹಾಗಾಗಿ ನಮ್ಮ ಕಡೆಯಿಂದ ಹೋಗುವ ಫೈಲ್ ಗಟ್ಟಿಯಾಗಿರಲಿ. 100 ಇಟ್ಟರೆ ಫೈಲ್ ಮಾತ್ರ ಊದಿಕೊಳ್ಳುತ್ತದೆ, ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ.

ಉಳಿಸುವ ಕಿಟಕಿಯಲ್ಲೇ ಇನ್ನೊಂದು ಸಣ್ಣ ಗುರುತು ಇದೆ. ಅದು ಸಿಕ್ಕಿದ್ದು ನನಗೆ ನಾಲ್ಕನೇ ವರ್ಷದಲ್ಲಿ. ಹಳೇ ಲೆನ್ಸುಗಳ ಮೇಲೆ ದೂರದ ಅಂಕಿಗಳನ್ನು ಕಪ್ಪು ಲೋಹದಲ್ಲಿ ಕೊರೆದು ಬಣ್ಣ ತುಂಬಿರುತ್ತಾರೆ. ಕೆಲವದರಲ್ಲಿ ಮೀಟರಿಗೆ ಬಿಳಿ ಇದ್ದರೆ ಅಡಿಗೆ ಕಿತ್ತಳೆ ಅಥವಾ ಕೆಂಪು. ನನ್ನ ಫೋಟೋಗಳಲ್ಲಿ ಬಿಳಿ ಅಂಕಿ ಚೂಪಾಗಿ ಬರುತ್ತಿತ್ತು, ಕೆಂಪು ಅಂಕಿ ಮಾತ್ರ ನೀರು ತಾಗಿದ ಶಾಯಿಯ ಹಾಗೆ ಹರಡುತ್ತಿತ್ತು. ಫೋಕಸ್ ಸರಿ ಇಲ್ಲ ಅಂತ ಎಷ್ಟೋ ಸಲ ಮತ್ತೆ ಮತ್ತೆ ತೆಗೆದಿದ್ದೇನೆ. ಕಾರಣ ಬೇರೆಯೇ ಇತ್ತು. ಜಾಗ ಉಳಿಸಲು ಜೆಪೆಗ್ ಬೆಳಕಿನ ವಿವರ ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಕಡಿಮೆ ಮಾಡುತ್ತದೆ. ಇದಕ್ಕೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅಂತ ಹೆಸರು. ಅದನ್ನು ನಿಲ್ಲಿಸುವ ಗುರುತು ಹಾಕಿದೆ, ಕೆಂಪು ಅಂಕಿಗಳ ಅಂಚು ಕೂತುಕೊಂಡಿತು. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ಅಂಚೆಚೀಟಿ, ಬಣ್ಣದ ಗಡಿಯಾರದ ಮುಖ, ಕಸೂತಿ ಬಟ್ಟೆ ಮಾರುವವರೂ ಇದನ್ನು ಒಮ್ಮೆ ಹಾಕಿ ನೋಡಿ.

ಅಲ್ಲೇ ಎಕ್ಸಿಫ್ ಮಾಹಿತಿ, ಅಂದರೆ ಫೋಟೋ ಜೊತೆ ಕ್ಯಾಮೆರಾ ಬರೆದಿಡುವ ವಿವರ, ಉಳಿಸುವ ಗುರುತು ಇದೆ. ಅದನ್ನು ತೆಗೆದುಬಿಡಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗ, ಅಂದರೆ ನಿಮ್ಮ ಮನೆ, ಫೈಲಿನ ಒಳಗೇ ಬರೆದಿರುತ್ತದೆ. ತಾಣ ಅದನ್ನು ಅಳಿಸುತ್ತದೆ ಅಂತ ನಂಬಿ ಕೂರುವುದಕ್ಕಿಂತ ನಾವೇ ಅಳಿಸಿ ಕಳಿಸುವುದು ವಾಸಿ.

ನನ್ನ ಕೈಯಿಂದ ಆದ ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಬ್ಯಾಚ್ ಕಿಟಕಿಯಲ್ಲಿ, ಫೋಟೋಗಳಿರುವ ಫೋಲ್ಡರನ್ನೇ ಔಟ್‌ಪುಟ್ ಫೋಲ್ಡರ್ ಮಾಡುವ ಬಟನ್ ಇದೆ. ಇರುವ ಫೈಲ್ ಮೇಲೇ ಬರೆಯುವ ಆಯ್ಕೆಯೂ ಇದೆ. ಒಂದು ಸಂಜೆ ಆತುರದಲ್ಲಿ ಎರಡನ್ನೂ ಒಟ್ಟಿಗೆ ಬಳಸಿದೆ. ನಲವತ್ತಕ್ಕೂ ಹೆಚ್ಚು ಮೂಲ ಫೋಟೋಗಳ ಜಾಗದಲ್ಲಿ ಚಿಕ್ಕವು ಬಂದು ಕೂತವು. ಮೂಲ ಎಲ್ಲೂ ಉಳಿಯಲಿಲ್ಲ. ಅದರಲ್ಲಿ ಒಂದು ಕ್ಯಾಮೆರಾದ ಶಟರ್ ಪರದೆಯ ಹತ್ತಿರದ ಚಿತ್ರವನ್ನು ಒಬ್ಬರು ಕೇಳಿದರು. ಕೊಡಲು ಇರಲಿಲ್ಲ. ಮತ್ತೆ ತೆಗೆಯೋಣ ಅಂದರೆ ಪ್ಯಾಕ್ ಮಾಡಿ ಟೇಪ್ ಸುತ್ತಿಟ್ಟಿದ್ದೆ. ಎಲ್ಲ ಬಿಚ್ಚಿ, ಮತ್ತೆ ಬೆಳಕು ಹೊಂದಿಸಿ ಕೂತೆ. ಈಗ ಫೋನಿನಿಂದ ಬಂದ ಫೋಟೋಗಳಿಗೆ "ಮೂಲ" ಅಂತ ಒಂದು ಫೋಲ್ಡರ್, ಕುಗ್ಗಿಸಿದವಕ್ಕೆ "ಹರಾಜು" ಅಂತ ಇನ್ನೊಂದು. ಉಳಿಸಿಟ್ಟ ಸೆಟ್ಟಿಂಗ್ಸ್‌ನಲ್ಲೇ ಔಟ್‌ಪುಟ್ ಜಾಗ "ಹರಾಜು" ಅಂತ ಬರೆದಿಟ್ಟಿದ್ದೇನೆ. ವಸ್ತು ಕೊಂಡವರ ಕೈ ಸೇರಿ, ಅವರು ಒಪ್ಪಿಕೊಳ್ಳುವ ತನಕ "ಮೂಲ" ಫೋಲ್ಡರ್ ಅಳಿಸುವುದಿಲ್ಲ.

ಶಾರ್ಪನ್ ವಿಷಯದಲ್ಲಿ ಕೈ ಹಿಡಿತ ಇರಲಿ. ಕುಗ್ಗಿಸಿದಾಗ ಚಿತ್ರ ಸ್ವಲ್ಪ ಮೆತ್ತಗಾಗುವುದು ನಿಜ, ಒಂದು ಸಲ ಹಗುರವಾಗಿ ಶಾರ್ಪನ್ ಮಾಡಿದರೆ ಸರಿಹೋಗುತ್ತದೆ. ಜಾಸ್ತಿಯಾದರೆ ಅಂಚಿನ ಸುತ್ತ ಬಿಳಿ ಗೆರೆ ಏಳುತ್ತದೆ. ಗಾಜಿನ ಮೇಲಿನ ಧೂಳಿನ ಕಣವೂ ಲೆನ್ಸಿನೊಳಗೆ ಬೆಳೆಯುವ ಫಂಗಸ್ (ಬೂಷ್ಟು) ಹಾಗೆ ಕಾಣತೊಡಗುತ್ತದೆ. ಇಲ್ಲದ ಕುಂದನ್ನು ತೋರಿಸಿ ನಷ್ಟ ಮಾಡಿಕೊಳ್ಳುವುದು ಬೇಡ.

ಬೇಸರದ ಸಂಗತಿಗಳೂ ಇವೆ. ನೋಟ ತೊಂಬತ್ತರ ದಶಕದಲ್ಲೇ ನಿಂತ ಹಾಗಿದೆ. ಮ್ಯಾಕ್‌ಗೂ ಫೋನಿಗೂ ಆವೃತ್ತಿ ಇಲ್ಲ. ಮ್ಯಾಕ್ ಇರುವವರಿಗೆ ಅದರಲ್ಲೇ ಬರುವ ಪ್ರಿವ್ಯೂ ಸಾಕು, ಅದೂ ಹಲವು ಫೋಟೋಗಳನ್ನು ಒಟ್ಟಿಗೆ ಕುಗ್ಗಿಸುತ್ತದೆ. ಐಫೋನಿನಲ್ಲಿ 2017ರಿಂದ ಬಂದ ಹೈಕ್ ಬಗೆಯ ಫೋಟೋ ತೆರೆಯಲು ಹೆಚ್ಚುವರಿ ಪ್ಲಗಿನ್ ಅಥವಾ ಕೋಡೆಕ್ (ಆ ಬಗೆಯ ಫೈಲ್ ಓದಲು ನೆರವಾಗುವ ಸಣ್ಣ ತಂತ್ರಾಂಶ) ಹಾಕಬೇಕಾಗುತ್ತದೆ. ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಜೆಪೆಗ್ ತೆಗೆಯುವ ಹಾಗೆ ಮಾಡಿಕೊಂಡರೆ ಆ ತಲೆನೋವೇ ಇಲ್ಲ.

ಇನ್ನೊಂದು ಎಚ್ಚರಿಕೆ. ಇರ್ಫಾನ್‌ವ್ಯೂ ಕಿಟಕಿಗೆ ಹೊಂದುವ ಹಾಗೆ ಫೋಟೋ ತೋರಿಸುತ್ತಿದ್ದರೆ ಎಲ್ಲವೂ ಚೂಪಾಗಿಯೇ ಕಾಣುತ್ತದೆ. ಅಲ್ಲಿ ನೋಡಿ ಸಮಾಧಾನ ಪಡಬೇಡಿ. "ಹರಾಜು" ಫೋಲ್ಡರಿನ ಫೈಲ್ ತೆರೆದು ಕಂಟ್ರೋಲ್ ಜೊತೆ ಎಚ್ ಒತ್ತಿ, ಪೂರ್ತಿ ಅಳತೆಯಲ್ಲಿ ನೋಡಿ. ನೀವು ಬರೆದ ಪ್ರತಿಯೊಂದು ಗೀರೂ ಕಲೆಯೂ ಅಲ್ಲಿ ಸಿಗುತ್ತದೆಯಾ? ಸಿಗದಿದ್ದರೆ ಮೂಲ ಫೋಟೋಗೆ ಹೋಗಿ, ಆ ಜಾಗದ ಸುತ್ತ ಚೌಕ ಎಳೆದು, ಕಂಟ್ರೋಲ್ ಜೊತೆ ವೈ ಒತ್ತಿ ಕತ್ತರಿಸಿ, ಬೇರೆ ಹೆಸರಲ್ಲಿ ಉಳಿಸಿ. ಅದನ್ನು ಕುಗ್ಗಿಸದೆ ಹಾಗೇ ಹಾಕಿ. ಆ ಮೊದಲ ಲೆನ್ಸಿನ ಗೀರನ್ನೂ ಕೊನೆಗೆ ಹೀಗೇ ಕಳಿಸಿದೆ. "ಈಗ ಕಾಣ್ತು, ಪರವಾಗಿಲ್ಲ" ಅಂತ ಉತ್ತರ ಬಂತು, ಲೆನ್ಸನ್ನು ಅವರೇ ಕೊಂಡರು.