ಕಲ್ಪನಾ ತುರುಬು ಉಳಿಸಿದ ಹಳೇ ಪ್ಲೇಯರ್: ಡಿಸ್ಕ್, ಆಪ್, ಪುಕ್ಕಟೆ ವಿಡಿಯೊ

"ಏನೋ ಇದು, ಕಲ್ಪನಾ ತುರುಬೇ ಕಾಣ್ತಿಲ್ಲ?"

ಹೊಸ ಟಿವಿ ಬಂದ ಎರಡನೇ ದಿನ ಅಮ್ಮ ಕೇಳಿದ ಪ್ರಶ್ನೆ ಇದು. ದಸರಾ ಆಫರ್‌ನಲ್ಲಿ 43 ಇಂಚಿನ ಟಿವಿ ತಂದಿದ್ದೆ. ಅದರ ಖುಷಿಯಲ್ಲೇ ಒಂದು ಆಪ್‌ಗೆ ಇಡೀ ವರ್ಷದ ಚಂದಾ, ₹1,499, ಒಟ್ಟಿಗೇ ಕಟ್ಟಿಬಿಟ್ಟಿದ್ದೆ. ಊಟ ಆದಮೇಲೆ ಅಮ್ಮನ ಜೊತೆ ಹಳೇ ಸಿನಿಮಾ ನೋಡೋಣ ಅಂತ ಆಸೆ. ಕಲ್ಪನಾ ಅವರ ಒಂದು ಕಪ್ಪು-ಬಿಳುಪು ಚಿತ್ರ ಹಾಕಿದೆ. ಪರದೆ ತುಂಬ ಚಿತ್ರ. ಆದರೆ ಹತ್ತಿರದ ಶಾಟ್ ಬಂದಾಗಲೆಲ್ಲ ತಲೆ ಹಣೆಗೇ ಮುಗಿಯುತ್ತಿತ್ತು. ಅಮ್ಮನ ಕಾಲದವರಿಗೆ ಕಲ್ಪನಾ ಅಂದರೆ ನಟನೆ ಎಷ್ಟೋ ತುರುಬೂ ಅಷ್ಟೇ. ಆ ತುರುಬು ಹಾಕಿಕೊಳ್ಳೋದಕ್ಕೆ ಅವರೆಲ್ಲ ಎಷ್ಟು ಹೇರ್‌ಪಿನ್ ಖರ್ಚು ಮಾಡಿದ್ದರೋ! ಅದನ್ನೇ ಕತ್ತರಿಸಿ ತೋರಿಸಿದರೆ ಹೇಗೆ?

ಅಲ್ಲಿಂದ ಶುರುವಾದ ಪರದಾಟ ಇದು. ನಾಲ್ಕು ತಿಂಗಳಲ್ಲಿ ಮೂರು ದಾರಿ ನೋಡಿದೆ: ದುಡ್ಡು ಕಟ್ಟುವ ಆಪ್, ನೆಟ್‌ನಲ್ಲಿ ಸಿಗುವ ಪುಕ್ಕಟೆ ವಿಡಿಯೊ, ಮತ್ತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ₹1,200 ಕೊಟ್ಟು ತಂದ ಹಳೇ ಡಿವಿಡಿ ಪ್ಲೇಯರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಲೇಯರ್‌ಗೆ. ಮನೆಯಲ್ಲಿ ಮಗಳು ನಗುತ್ತಾಳೆ, ನಗಲಿ.

ಮೊದಲು ಈ ತುರುಬಿನ ಲೆಕ್ಕ. ಹಳೇ ಸಿನಿಮಾಗಳ ಚೌಕಟ್ಟು ನಮ್ಮ ಹಳೇ ಡಬ್ಬಾ ಟಿವಿಯ ಆಕಾರದ್ದು. ಅಗಲ 4 ಪಾಲು ಇದ್ದರೆ ಎತ್ತರ 3 ಪಾಲು, ಹೆಚ್ಚುಕಡಿಮೆ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' ಬಂದಿದ್ದೇ 1977ರಲ್ಲಿ. ಅದಕ್ಕೆ ಮುಂಚಿನ 'ಬೆಳ್ಳಿಮೋಡ', 'ಸಂಸ್ಕಾರ' ಎಲ್ಲ ಈ ಚೌಕದ ಕಾಲದವೇ. ಈಗಿನ ಟಿವಿ 16:9. ಚೌಕದ ಚಿತ್ರವನ್ನು ಈ ಉದ್ದದ ಪರದೆಯ ತುಂಬ ಕೂರಿಸಬೇಕು ಅಂದರೆ ಎರಡೇ ದಾರಿ. ಒಂದು, ಅಡ್ಡಕ್ಕೆ ಎಳೆಯೋದು. ಆಗ ಎಲ್ಲರೂ ಮೂರನೇ ಒಂದು ಪಾಲು ದಪ್ಪ ಆಗುತ್ತಾರೆ. ಇನ್ನೊಂದು, ಮೇಲೆ ಕೆಳಗೆ ಕತ್ತರಿಸೋದು. ಆಗ ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಕಾಲು ಭಾಗ ಅಂದರೆ ಸುಮ್ನೆ ಅಲ್ಲ. ಮೇಲೆ ತುರುಬು, ಕೆಳಗೆ ಕೈಯಲ್ಲಿರುವ ಕಾಗದ, ನೆಲದ ಮೇಲೆ ಬಿದ್ದ ಹೂವು. ಮಾತೇ ಇಲ್ಲದ ದೃಶ್ಯದಲ್ಲಿ ನಿರ್ದೇಶಕರು ಕಥೆ ಹೇಳುವುದು ಇವುಗಳಲ್ಲೇ ಅಲ್ವಾ?

ಆಪ್‌ನವರು ಹಾಕಿದ್ದ ಕಾಪಿಯೇ ಕತ್ತರಿಸಿದ್ದು. ನಾನು ರಿಮೋಟ್ ಹಿಡಿದು ಏನು ಮಾಡಿದರೂ ಹೋದ ತಲೆ ವಾಪಸ್ ಬರುವುದಿಲ್ಲ. ಕಸ್ಟಮರ್ ಕೇರ್ ಚಾಟ್‌ನಲ್ಲಿ ಬರೆದೆ. "ಆಪ್ ಅಪ್‌ಡೇಟ್ ಮಾಡಿ ನೋಡಿ" ಅಂದರು. ಮಾಡಿದೆ. ತುರುಬು ಅಪ್‌ಡೇಟ್ ಆಗಲಿಲ್ಲ.

ಹಾಗಂತ ಪ್ಲೇಯರ್ ತಂದ ತಕ್ಷಣ ಸ್ವರ್ಗ ಇಳಿಯಿತು ಅಂದುಕೊಳ್ಳಬೇಡಿ. ಮೂರು ರಾತ್ರಿ ಅದರ ಜೊತೆ ಗುದ್ದಾಡಿದ್ದೇನೆ. ಎಚ್‌ಡಿಎಂಐ ವೈರ್ ಚುಚ್ಚಿದೆ, ಡಿಸ್ಕ್ ಹಾಕಿದೆ. ತಲೆ ಇದೆ, ಆದರೆ ಕಲ್ಪನಾ ಸಿಕ್ಕಾಪಟ್ಟೆ ದಪ್ಪ. ಪ್ಲೇಯರ್ ಚಿತ್ರವನ್ನು ಅಡ್ಡಕ್ಕೆ ಎಳೆದು ಕಳಿಸುತ್ತಿತ್ತು. ಟಿವಿಯ ಪಿಕ್ಚರ್ ಸೈಜ್‌ನಲ್ಲಿ 4:3 ಅಂತ ಒಂದು ಆಯ್ಕೆ ಇದೆ, ಆದರೆ ಮಂಕಾಗಿ ಕೂತಿದೆ, ಒತ್ತೋಕೇ ಆಗಲ್ಲ. ಎರಡನೇ ರಾತ್ರಿ ಹಳದಿ, ಕೆಂಪು, ಬಿಳಿ ವೈರ್ ಹಾಕೋಣ ಅಂತ ಹೊರಟರೆ ಹೊಸ ಟಿವಿಯಲ್ಲಿ ಆ ಮೂರು ತೂತೇ ಇಲ್ಲ. ಇಯರ್‌ಫೋನ್ ಚುಚ್ಚುವಂಥ ಒಂದೇ ಚಿಕ್ಕ ತೂತು. ಅದಕ್ಕೆ ಬೇರೆ ವೈರ್ ಬೇಕು.

ಮತ್ತೆ ಎಸ್.ಪಿ. ರೋಡ್. ಪ್ಲೇಯರ್ ಮಾರಿದ ಹುಡುಗ ನನ್ನನ್ನು ನೋಡಿದವನೇ ನಕ್ಕ. "ಸಾರ್, ವೈರ್ ಬೇಡ. ಪ್ಲೇಯರ್ ಸೆಟಪ್‌ಗೆ ಹೋಗಿ, ಎಚ್‌ಡಿಎಂಐ ರೆಸಲ್ಯೂಷನ್ 1080 ಇರುತ್ತೆ, 576ಕ್ಕೆ ಇಳಿಸಿ. ಆಮೇಲೆ ಟಿವಿಯಲ್ಲಿ 4:3 ತಾನಾಗೇ ತೆರ್ಕೊಳ್ಳುತ್ತೆ" ಅಂದ. ಹಾಗೇ ಆಯಿತು. ಡಿವಿಡಿಯಲ್ಲಿ ಇರುವುದೇ ಹೆಚ್ಚೆಂದರೆ 576 ಗೆರೆ, ಅಂದರೆ ಚಿತ್ರ ಕೂಡಿಬರುವ ಅಡ್ಡ ಸಾಲುಗಳು. 1080 ಕೇಳಿದಾಗ ಪ್ಲೇಯರ್ ಅದನ್ನು ತಾನೇ ಹಿಗ್ಗಿಸಿ, ಅಗಲ ಮಾಡಿ ಕೊಡುತ್ತಿತ್ತು. ಹಾಗೆ ಬಂದ ಚಿತ್ರ ಮೊದಲೇ ಅಗಲವಾಗಿದೆ ಅಂದುಕೊಂಡು ಟಿವಿ ತನ್ನ 4:3 ಆಯ್ಕೆಗೆ ಬಾಗಿಲು ಹಾಕಿತ್ತು. ಇದೇ ತೊಂದರೆ ನಿಮಗೂ ಬಂದರೆ ವೈರ್‌ಗೆ ದುಡ್ಡು ಹಾಕಬೇಡಿ, ಮೊದಲು ಇದನ್ನು ನೋಡಿ. ಪ್ಲೇಯರ್‌ನ ಇನ್ನೊಂದು ಮೆನುವಿನಲ್ಲಿ ಟಿವಿ ಟೈಪ್ ಅಂತ ಇರುತ್ತದೆ. ಅಲ್ಲಿ ಪ್ಯಾನ್‌ಸ್ಕ್ಯಾನ್ ಇದ್ದರೆ ತೆಗೆದು 16:9 ಮಾಡಿ. ಇಲ್ಲದಿದ್ದರೆ ಅಗಲದ ಸಿನಿಮಾಗಳ ಎಡ-ಬಲ ಹೋಗುತ್ತದೆ.

ಮೂರನೇ ರಾತ್ರಿ ಎಲ್ಲ ಸರಿಯಾಯಿತು. ತುರುಬು ಬಂತು, ಮುಖದ ದಪ್ಪ ಇಳಿಯಿತು, ಅಮ್ಮ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. ಆಗ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಳು. "ರೀ, ಎರಡು ಕಡೆ ಇದೇನು ಕಪ್ಪು ಪಟ್ಟಿ? ಇಷ್ಟು ದೊಡ್ಡ ಟಿವಿ ತಂದಿದ್ದು ಪಟ್ಟಿ ನೋಡೋಕಾ?" ಅವಳ ಮಾತಲ್ಲಿ ನ್ಯಾಯ ಇದೆ. ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ. ಚೌಕದ ಸಿನಿಮಾ ಹಾಕಿದಾಗ ನಮ್ಮ 43 ಇಂಚಿನ ಟಿವಿ 35 ಇಂಚಿನದಾಗುತ್ತದೆ. ಎಂಟು ಇಂಚು ಲಾಸ್. ಆದರೂ 35 ಇಂಚಿನ ಪೂರ್ತಿ ಕಲ್ಪನಾ, 43 ಇಂಚಿನ ಅರ್ಧಂಬರ್ಧ ಕಲ್ಪನಾಗಿಂತ ವಾಸಿ. ಅವಳು ಇನ್ನೂ ಒಪ್ಪಿಲ್ಲ.

ಚಿತ್ರದ ಸ್ಪಷ್ಟತೆಯಲ್ಲಿ ಆಪ್ ಮುಂದೆ ಡಿವಿಡಿ ನಿಲ್ಲಲ್ಲ. ಅದು ಬೇರೆ ಮಾತು.

ಆಪ್‌ನ ಇನ್ನೊಂದು ಕಾಟ, ಇದ್ದಿದ್ದು ಇರುವುದಿಲ್ಲ. ಒಂದು ಧಾರಾವಾಹಿ ಶುರು ಮಾಡಿದ್ದೆವು, ದಿನಕ್ಕೆ ಒಂದು ಕಂತು. ಹದಿನಾಲ್ಕನೇ ಕಂತಿಗೆ ಬಂದಾಗ ಹುಡುಕಿದರೆ ಹೆಸರೇ ಇಲ್ಲ. ಹಕ್ಕಿನ ಅವಧಿ ಮುಗಿದರೆ ತೆಗೆದುಬಿಡುತ್ತಾರೆ. ಅದು ಅವರ ವ್ಯವಹಾರ, ಒಪ್ಪೋಣ. ಆದರೆ ನಮ್ಮನೆ ನಿಧಾನದ ಮನೆ. ಬೆಂಡೆಕಾಯಿ ಹೆಚ್ಚಿಕೊಂಡು, ಮಧ್ಯೆ ಫೋನ್ ಬಂದರೆ ನಿಲ್ಲಿಸಿಕೊಂಡು ನೋಡುವವರು. ಒಂದು ಸಿನಿಮಾ ಮುಗಿಯಲು ನಮಗೆ ಮೂರು ದಿನ ಬೇಕು. 48 ಗಂಟೆಯೊಳಗೆ ಮುಗಿಸಿ ಅಂತ ಬಾಡಿಗೆಗೆ ಕೊಡುವ ಸಿನಿಮಾಗಳಂತೂ ನಮಗೆ ಆಗಿಬರುವುದೇ ಇಲ್ಲ. ಒಮ್ಮೆ ಅಮ್ಮ ನಿದ್ದೆ ಹೋದದ್ದಕ್ಕೆ ಕ್ಲೈಮ್ಯಾಕ್ಸ್‌ಗೆ ಮತ್ತೊಮ್ಮೆ ಬಾಡಿಗೆ ಕಟ್ಟಿದ್ದೇನೆ.

ಮಳೆ ಬೇರೆ. ಬೆಂಗಳೂರಲ್ಲಿ ಸಂಜೆ ಮಳೆ ಬಂದರೆ ಮೊದಲು ಕರೆಂಟು, ಆಮೇಲೆ ಇಂಟರ್ನೆಟ್. ಕರೆಂಟಿಗೆ ಯುಪಿಎಸ್ ಇದೆ. ನಮ್ಮ ಬೀದಿಯಲ್ಲಿ ಮರದಿಂದ ಮರಕ್ಕೆ ನೇತಾಡುವ ಇಂಟರ್ನೆಟ್ ಕೇಬಲ್‌ಗೆ ಏನೂ ಇಲ್ಲ, ಕೊಂಬೆ ಬಿದ್ದರೆ ಎರಡು ದಿನ ಗಾನ್. ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ನನ್ನ ಪ್ಲ್ಯಾನ್ ಅರ್ಧ ಗಂಟೆಗೆ ಸುಸ್ತು. ಅಂಥ ದಿನ ಡಿಸ್ಕ್ ಹಾಕಿ ಕೂತರೆ ಸುಖ.

ಪುಕ್ಕಟೆ ವಿಡಿಯೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಧಾರಾವಾಹಿಗೆ ಅದು ಒಳ್ಳೆಯದು, ಸಿನಿಮಾಗೆ ಬೇಡ. 1998ರಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ 'ಮಾಯಾಮೃಗ' ಈಗ ಪುಕ್ಕಟೆ ಸಿಗುತ್ತದೆ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಅಮ್ಮನಿಗೆ ಅದರ ಶೀರ್ಷಿಕೆ ಗೀತೆ ಕೇಳಿದರೆ ಸಾಕು, ಆಗಿನ ನಮ್ಮ ಬಾಡಿಗೆ ಮನೆ, ಪಕ್ಕದ ಮನೆಯವರು ಎಲ್ಲ ನೆನಪಾಗುತ್ತದೆ. ಧಾರಾವಾಹಿಯಲ್ಲಿ ಮಾತೇ ಮುಖ್ಯ. ಚಿತ್ರ ಮಬ್ಬಾದರೂ ಕಿವಿಗೆ ಬಿದ್ದರೆ ನಡೆಯುತ್ತದೆ. ಸಿನಿಮಾ ಹಾಗಲ್ಲ. ಯಾರ್ಯಾರೋ ಹಾಕಿದ ಕಾಪಿಗಳಲ್ಲಿ ಮೂಲೆಗೊಂದು ಲೋಗೊ, ಹಾಡು ಬಂದರೆ ಧ್ವನಿ ಮಾಯ. ನಾಯಕಿ ಅಳುತ್ತಿರುವಾಗಲೇ ಪಾತ್ರೆ ಸೋಪಿನ ಜಾಹೀರಾತು ಬೇರೆ. ಒಮ್ಮೆ ಆಟೊಪ್ಲೇ ನಂಬಿ ಬಿಟ್ಟರೆ ಒಂದು ಕಂತಿನಿಂದ ಎಪ್ಪತ್ತು ಕಂತು ಮುಂದೆ ಹಾರಿ, ಸತ್ತವರ ಫೋಟೊಗೆ ಹಾರ ಹಾಕಿದ ಮೇಲೆ ನಮಗೆ ಗೊತ್ತಾಯಿತು, ಅವರು ಸಾಯುತ್ತಾರೆ ಅಂತ.

ಡಿಸ್ಕ್ ಎಲ್ಲಿ ಸಿಗುತ್ತದೆ ಅಂತ ಕೇಳುವವರು ಜಾಸ್ತಿ. ಹೊಸದು ಈಗ ಕಷ್ಟ. ನಾನು ಬಿ.ವಿ.ಕೆ. ಅಯ್ಯಂಗಾರ್ ರೋಡ್ ಕಡೆ ಭಾನುವಾರ ಹಾಕುವ ಸಂಡೇ ಬಜಾರ್‌ಗೆ ಬೆಳಿಗ್ಗೆ ಏಳಕ್ಕೇ ಹೋಗುತ್ತೇನೆ. ಹಳೇ ಚಾರ್ಜರ್, ಮಿಕ್ಸಿ ಜಾರು, ಬೂಟುಗಳ ಮಧ್ಯೆ ಒಂದು ರಟ್ಟಿನ ಡಬ್ಬದಲ್ಲಿ ಸಿಕ್ಕರೆ ಸಿಕ್ಕಿತು. ಒಂದಕ್ಕೆ ಇಪ್ಪತ್ತು ರೂಪಾಯಿಯಿಂದ ಐವತ್ತು. ಕೊಳ್ಳುವ ಮುಂಚೆ ಡಿಸ್ಕನ್ನು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಗೀರು ಪರವಾಗಿಲ್ಲ. ಸೂಜಿ ಮೊನೆಯಷ್ಟು ಬೆಳಕು ಆಚೆ ಕಂಡರೆ ಬೇಡ, ಒಳಗಿನ ಪದರವೇ ಹೋಗಿದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ.

ಕವರ್ ನೋಡಿ ಮೋಸ ಹೋಗಬೇಡಿ, ನಾನು ಹೋಗಿದ್ದೇನೆ. ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ಅಂತಿದ್ದರೆ ಮೂರೂ ಹಿಂಡಿ ತುಂಬಿದ್ದು, ಮುಖದ ಮೇಲೆ ಚೌಕ ಚೌಕ ಕಾಣುತ್ತದೆ. ಎರಡು ಡಿಸ್ಕ್ ಇದ್ದು ಒಂದೇ ಸಿನಿಮಾ ಅಂದರೆ ಬಹುತೇಕ ವಿಸಿಡಿ, ಡಿವಿಡಿಗೂ ಮುಂಚಿನ ವಿಡಿಯೊ ಸಿಡಿ. ಒಂದು ವಿಸಿಡಿಯಲ್ಲಿ ಹಿಡಿಸುವುದು ಒಂದು ಗಂಟೆ ಕಾಲಿನಷ್ಟು. ಅದರ ಚಿತ್ರ 288 ಗೆರೆ, ಡಿವಿಡಿಯ ಅರ್ಧ. ದೊಡ್ಡ ಪರದೆಯಲ್ಲಿ ರಂಗೋಲಿ ಪುಡಿ ಉದುರಿಸಿದ ಹಾಗಿರುತ್ತದೆ. ಆದರೂ ಬೇರೆಲ್ಲೂ ಸಿಗದ ಸಿನಿಮಾ ಆದರೆ ಇಪ್ಪತ್ತು ರೂಪಾಯಿ ಕೊಟ್ಟು ತಂದುಬಿಡುತ್ತೇನೆ, ಕೈ ತಡೆಯಲ್ಲ.

ನನ್ನ ಡಬ್ಬದಲ್ಲಿ ಜಾಸ್ತಿ ಸವೆದದ್ದು 'ಮಾಲ್ಗುಡಿ ಡೇಸ್'. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ಆ ಧಾರಾವಾಹಿಯ ಕಂತು ಇಪ್ಪತ್ತು ಚಿಲ್ಲರೆ ನಿಮಿಷ. ಎರಡು ಕಂತಿಗೆ ಅಮ್ಮನ ನಿದ್ದೆಯ ಹೊತ್ತು ಸರಿಹೋಗುತ್ತದೆ. ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರ, ಎಲ್. ವೈದ್ಯನಾಥನ್ ಅವರ 'ತಾನಾ ನಾ ನಾ' ಶುರುವಾದರೆ ಹತ್ತನೇ ಕ್ಲಾಸಿನ ಮಗಳೂ ಫೋನ್ ಮಗುಚಿಟ್ಟು ಬಂದು ಕೂರುತ್ತಾಳೆ. ಭಾಷೆ ಹಿಂದಿ. ಅಮ್ಮನಿಗೆ ಪೂರ್ತಿ ಬರುವುದಿಲ್ಲ, ಆದರೆ ಮಾಸ್ಟರ್ ಮಂಜುನಾಥ್‌ನ ಸ್ವಾಮಿಯ ಮುಖ ನೋಡಿದರೆ ಸಬ್‌ಟೈಟಲ್ ಯಾಕೆ? ಅದೂ ಡಬ್ಬಾ ಟಿವಿಯ ಕಾಲದ್ದು, ಹಾಗಾಗಿ ಕಪ್ಪು ಪಟ್ಟಿ ಇದ್ದದ್ದೇ. ಆ ಕಂತುಗಳಿಗೆ ಮಾತ್ರ ನನ್ನ ಹೆಂಡತಿ ಪಟ್ಟಿಯ ಬಗ್ಗೆ ಬಾಯಿ ಬಿಡುವುದಿಲ್ಲ.

ಹೊಸದಕ್ಕೆ ಬಂದರೆ ಡಿಸ್ಕ್ ಕೈ ಎತ್ತಿಬಿಡುತ್ತದೆ. ಈಗಿನ ಒಳ್ಳೆಯ ಕನ್ನಡ ಡ್ರಾಮಾಗಳು ಡಿಸ್ಕ್ ಆಗಿ ಬರುವುದೇ ಇಲ್ಲ ಅನ್ನಬಹುದು. ಆಪ್‌ನವರೂ ಎಲ್ಲವನ್ನೂ ತಗೊಳ್ಳುವುದಿಲ್ಲ. ಕರಾವಳಿಯ ಕಥೆಗಳ 'ಏಕಂ' ಸರಣಿಯನ್ನೇ ನೋಡಿ. ಏಳು ಕಂತು, ಒಂದೊಂದೂ ಬೇರೆ ಕಥೆ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರು ಇದ್ದಾರೆ. ಆದರೂ 2024ರಲ್ಲಿ ಅವರು ತಮ್ಮದೇ ವೆಬ್‌ಸೈಟ್ ಮಾಡಿ ಅದರಲ್ಲಿ ಬಿಡುಗಡೆ ಮಾಡಿದರು. ಅಂಥದ್ದಕ್ಕೆ ಬಿಡಿಯಾಗಿ ದುಡ್ಡು ಕೊಡುವುದೇ ಸರಿ ಅಂತ ನನಗೆ ಅನಿಸಿತು. ಯಾರದೋ ವರ್ಷದ ಚಂದಾಕ್ಕಿಂತ ಮಾಡಿದವರ ಕೈಗೆ ನೇರ ಹೋಗುತ್ತದೆ.

ಹಳೆಯದನ್ನು ಸರಿಯಾಗಿ ಉಳಿಸಿದರೆ ಹೇಗಿರುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು 4ಕೆಯಲ್ಲಿ ಹೊಸದಾಗಿ ಸರಿಪಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಅದೊಂದು ಡಿಸ್ಕ್ ಆಗಿ ಬಂದರೆ ಬೆಲೆ ಕೇಳದೆ ತರುತ್ತೇನೆ. ನಾನು ಬೆಲೆ ಕೇಳದೆ ತರುವ ಜಾತಿಯವನಲ್ಲ ಅಂತ ಮನೆಯವರಿಗೆಲ್ಲ ಗೊತ್ತು.

ದುಡ್ಡಿನ ಲೆಕ್ಕ ಹೀಗಿದೆ. ಪ್ಲೇಯರ್ ₹1,200. ನಾಲ್ಕು ತಿಂಗಳಲ್ಲಿ 31 ಡಿಸ್ಕ್, ಒಟ್ಟು ₹940. ಅದರಲ್ಲಿ ಆರು ಓಡುವುದಿಲ್ಲ. ಪ್ಲೇಯರ್‌ಗೆ ರಿಮೋಟ್ ಇರಲಿಲ್ಲ, ಅದಕ್ಕೆ ₹150. ಚಂದಾದ ದುಡ್ಡಿಗಿಂತ ಜಾಸ್ತಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಡಿಸ್ಕ್‌ಗಳು ಮುಂದಿನ ದಸರಾಗೂ ಇರುತ್ತವೆ. ದಿನಾ ಹೊಸದು ಬೇಕು, ಕೂತಲ್ಲೇ ಆರು ಕಂತು ನೋಡಬೇಕು ಅನ್ನುವವರು ನೀವಾದರೆ ಆಪ್ ತಗೊಳ್ಳಿ, ಡಿಸ್ಕ್ ನಿಮಗಲ್ಲ. ತಗೊಂಡರೂ ತಿಂಗಳಿನದ್ದು ತಗೊಳ್ಳಿ. ನಾನೂ ಈ ಚಂದಾ ಮುಗಿದ ಮೇಲೆ ಮಗಳ ಪರೀಕ್ಷೆ ಮುಗಿಯುವ ತಿಂಗಳಿಗೆ ಮಾತ್ರ ಹಾಕಿಸುತ್ತೇನೆ.

ಅಂದಹಾಗೆ ಹೋದ ಭಾನುವಾರ 'ಶರಪಂಜರ' ಸಿಕ್ಕಿತು, ಎರಡು ಡಿಸ್ಕಿನ ವಿಸಿಡಿ. ಮನೆಗೆ ಬಂದು ತೆರೆದರೆ ಒಳಗಿರುವುದು ಮೊದಲನೇ ಡಿಸ್ಕ್ ಮಾತ್ರ. ಅಮ್ಮ ಅದನ್ನೇ ಎರಡು ಸಲ ನೋಡಿದರು, ಎರಡನೆಯದು ಯಾವಾಗ ತರುತ್ತೀಯ ಅಂತ ದಿನಾ ಕೇಳುತ್ತಿದ್ದಾರೆ. ಈ ಭಾನುವಾರ ಅದೇ ಡಬ್ಬದವನ ಹತ್ತಿರ ಏಳಕ್ಕಲ್ಲ, ಆರೂವರೆಗೇ ಹೋಗಬೇಕು.